ಬಲಗಡೆ ಓಡಿಸೋದು ಸುಲಭ, ನಿಲ್ಲೋದು ಕಷ್ಟ

ನೀವು ಬೆಂಗಳೂರಿನಲ್ಲಿ ಹದಿನೈದು ವರ್ಷ ಕಾರು ಓಡಿಸಿದೀರಿ. ಸಿಲ್ಕ್ ಬೋರ್ಡ್ ನೋಡಿದೀರಿ, ಹೆಬ್ಬಾಳ ನೋಡಿದೀರಿ, ಸಂಜೆ ಆರು ಗಂಟೆಗೆ ಕೆ.ಆರ್. ಮಾರ್ಕೆಟ್ ಒಳಗೆ ಗಾಡಿ ನುಗ್ಗಿಸಿ ಈಚೆ ಬಂದಿದೀರಿ. ಇಲ್ಲಿ ಓಡಿಸಿದವನು ಪ್ರಪಂಚದಲ್ಲಿ ಎಲ್ಲಿ ಬೇಕಾದ್ರೂ ಓಡಿಸ್ತಾನೆ ಅಂತ ನಾವೆಲ್ಲ ಎದೆ ತಟ್ಟಿಕೊಂಡು ಹೇಳ್ತೀವಿ. ಈಗ ಕಂಪನಿ ನಿಮ್ಮನ್ನ ದಕ್ಷಿಣ ಕೊರಿಯಾಕ್ಕೆ ಕಳಿಸಿದೆ ಅಂತ ಇಟ್ಕೊಳ್ಳಿ. ಹೆಂಡತಿ ಮಕ್ಕಳ ಜೊತೆ ಸೋಲ್‌ನಲ್ಲೋ ಸೂವನ್‌ನಲ್ಲೋ ಮನೆ ಮಾಡಿದೀರಿ. ಕಾರಿನ ಕೀ ಕೈಗೆ ಬಂದಿದೆ. ಓಡಿಸ್ತೀರಾ?

ಓಡಿಸ್ತೀರಿ. ಮೊದಲ ವಾರ ಒಂದಿಷ್ಟು ತಮಾಷೆ ನಡೆಯುತ್ತೆ, ಅಷ್ಟೆ. ಅಲ್ಲಿ ಸ್ಟೀರಿಂಗ್ ಎಡಕ್ಕೆ, ಗಾಡಿ ಹೋಗೋದು ರಸ್ತೆಯ ಬಲಕ್ಕೆ. ಇಂಡಿಕೇಟರ್ ಹಾಕೋಣ ಅಂತ ಬಲಗೈ ಆಡಿಸಿದರೆ ವೈಪರ್ ಶುರುವಾಗುತ್ತೆ. ಮಳೆಯೇ ಇಲ್ಲದ ದಿನ ಗಾಜು ಒರೆಸಿಕೊಂಡು ತಿರುಗ್ತಿರೋ ಕಾರು ಕಂಡರೆ ಒಳಗಿರೋದು ಹೊಸಬ ಅಂತ ಲೆಕ್ಕ. ಎರಡು ವಾರದಲ್ಲಿ ಕೈಕಾಲು ಹೊಂದಿಕೊಳ್ಳುತ್ತೆ. ಬಲಗಡೆ ಓಡಿಸೋದನ್ನ ಕೈ ಕಲಿಯುತ್ತೆ ಸ್ವಾಮಿ. ನಿಲ್ಲಿಸೋದನ್ನ ಮನಸ್ಸು ಕಲೀಬೇಕು. ನಾನು ಇವತ್ತು ಮಾತಾಡೋದು ಆ ಎರಡನೇ ಪಾಠದ ಬಗ್ಗೆ.

ಅದಕ್ಕೂ ಮೊದಲು ಕಾಗದಪತ್ರ. ಕೊರಿಯಾಕ್ಕೆ ಹೊರಡುವವರು ನಮ್ಮ ಆರ್‌ಟಿಒ ಕಚೇರಿಯಲ್ಲಿ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಹೋಗ್ತಾರೆ. 1949ರ ಜಿನೀವಾ ಒಪ್ಪಂದಕ್ಕೆ ಭಾರತವೂ ಸೇರಿದೆ, ಕೊರಿಯಾವೂ ಸೇರಿದೆ. ಹಾಗಾಗಿ ಆ ಪುಟ್ಟ ಪುಸ್ತಕ ಅಲ್ಲಿ ನಡೆಯುತ್ತೆ. ಆದರೆ ಅದೊಂದೇ ಸಾಲದು. ಜೊತೆಗೆ ಊರಿನ ಲೈಸನ್ಸ್ ಇರಬೇಕು, ಪಾಸ್‌ಪೋರ್ಟ್ ಇರಬೇಕು. ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ಲೈಸನ್ಸ್‌ನಲ್ಲಿ ಇನಿಷಿಯಲ್ಲು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇಟ್ಕೊಂಡಿರೋ ನಮ್ಮ ಜನ ಇದನ್ನ ಊರು ಬಿಡೋ ಮುಂಚೆಯೇ ನೋಡ್ಕೊಳ್ಳೋದು ಒಳ್ಳೇದು.

ಈ ಪರ್ಮಿಟ್ ನಡೆಯೋದು ಕೊರಿಯಾಕ್ಕೆ ಕಾಲಿಟ್ಟ ದಿನದಿಂದ ಒಂದೇ ವರ್ಷ. ಅಷ್ಟರೊಳಗೆ ಪುಸ್ತಕದ ಅವಧಿಯೇ ಮುಗಿದರೆ ಅಲ್ಲಿಗೇ ಮುಗೀತು. ಪ್ರವಾಸಿಗೆ ಇದು ಧಾರಾಳ. ಅಲ್ಲೇ ಮನೆ ಮಾಡಿದವನಿಗೆ ಸಾಲದು. ಅವನು ಕೊರಿಯಾದ್ದೇ ಲೈಸನ್ಸ್ ಪಡೀಬೇಕು. ಕೊರಿಯಾದ ಲೈಸನ್ಸನ್ನು ಒಪ್ಪುವ ದೇಶದಿಂದ ಬಂದವರು ಕಣ್ಣಿನ ಪರೀಕ್ಷೆ ಮುಗಿಸಿ ತಮ್ಮದನ್ನ ಬದಲಾಯಿಸಿಕೊಳ್ಳಬಹುದು. ಒಪ್ಪದ ದೇಶದವರು ಅದರ ಮೇಲೆ ಲಿಖಿತ ಪರೀಕ್ಷೆಗೂ ಕೂರಬೇಕು. ಏನೂ ಇಲ್ಲದೆ ಹೊಸದಾಗಿ ಮಾಡಿಸೋರಿಗೆ ಲಿಖಿತ ಪರೀಕ್ಷೆ, ಅಂಗಳದ ಪರೀಕ್ಷೆ, ರಸ್ತೆ ಪರೀಕ್ಷೆ, ಮೂರೂ ಇದೆ. ಲಿಖಿತ ಪರೀಕ್ಷೆಯಲ್ಲಿ 40 ಪ್ರಶ್ನೆ, 40 ನಿಮಿಷ. ಇಂಗ್ಲಿಷಿನಲ್ಲೂ ಬರೀಬಹುದು. ಅಂಗಳದ ಪರೀಕ್ಷೆಯಲ್ಲಿ ಸೀಟ್ ಬೆಲ್ಟ್ ಹಾಕದೆ ಗಾಡಿ ಎತ್ತಿದರೆ ಮುಂದೆ ನೋಡೋದೇ ಇಲ್ಲ, ಫೇಲು.

ಫೇಲು ಅಂದ್ರೆ ನಿಜವಾಗಲೂ ಫೇಲು. ಆ ದೇಶದ ಹಳ್ಳಿಯ ಅಜ್ಜಿಯೊಬ್ಬರ ಕಥೆ ಪ್ರಪಂಚದ ಟಿವಿಗಳಲ್ಲೆಲ್ಲ ಬಂದಿತ್ತು. 2005ರಲ್ಲಿ ಲಿಖಿತ ಪರೀಕ್ಷೆಗೆ ಕೂತವರು ಅದನ್ನ ಪಾಸು ಮಾಡಿದ್ದು 2009ರಲ್ಲಿ, 950ನೇ ಪ್ರಯತ್ನದಲ್ಲಿ! ಆಮೇಲೆ ರಸ್ತೆ ಪರೀಕ್ಷೆಯೆಲ್ಲ ಮುಗಿಸಿ 2010ರಲ್ಲಿ ಲೈಸನ್ಸ್ ಕೈಗೆ ಬಂದಾಗ ಒಟ್ಟು 960 ಸಲ ಆಗಿತ್ತು. ವಯಸ್ಸು ಅರವತ್ತು ದಾಟಿತ್ತು. ಕೊರಿಯಾದ ಕಾರು ಕಂಪನಿಯೊಂದು ಅವರಿಗೆ ಹೊಸ ಕಾರನ್ನೇ ಉಡುಗೊರೆ ಕೊಟ್ಟಿತು. ಕಥೆ ಕೇಳಿ ನಾವು ನಗ್ತೀವಿ, ಅಜ್ಜಿಗೆ ಕೈ ಮುಗೀತೀವಿ. ನನಗೆ ಮುಖ್ಯವಾಗಿ ಕಂಡಿದ್ದು ಬೇರೆ. 949 ಸಲ ಫೇಲಾದರೂ ‘ಪಾಪ, ವಯಸ್ಸಾದೋರು, ಕೊಟ್ಟುಬಿಡಿ’ ಅಂತ ಯಾರೂ ಅನ್ನಲಿಲ್ಲ. ‘ಇಷ್ಟು ಕೊಡಿ ಅಮ್ಮಾ, ನಾನು ಮಾಡಿಸ್ಕೊಡ್ತೀನಿ’ ಅಂತ ಗೇಟಿನ ಹತ್ತಿರ ಬ್ರೋಕರೂ ಸಿಗಲಿಲ್ಲ.

ಸರಿ, ಲೈಸನ್ಸ್ ಬಂತು. ರಸ್ತೆಗೆ ಇಳಿಯೋಣ.

ಮೊದಲ ಸಿಗ್ನಲ್. ನೀವು ಬಲಕ್ಕೆ ತಿರುಗಬೇಕು, ಎದುರಿಗೆ ಕೆಂಪು ದೀಪ. ಇಲ್ಲಿ ನಮಗೆ ಫ್ರೀ ಲೆಫ್ಟ್ ಇದ್ದ ಹಾಗೆ ಅಲ್ಲಿ ಬಲಕ್ಕೆ ಹೋಗಬಹುದು. ಆದರೆ 2023ರ ಜನವರಿಯಿಂದ ಒಂದು ನಿಯಮ ಇದೆ. ಕೆಂಪು ದೀಪ ಇದ್ದರೆ ಮೊದಲು ಗಾಡಿ ಪೂರ್ತಿ ನಿಲ್ಲಬೇಕು. ನಿಧಾನ ಮಾಡಿದ್ರೆ ಸಾಲದು, ಚಕ್ರ ನಿಲ್ಲಬೇಕು. ಜೀಬ್ರಾ ಪಟ್ಟೆಯ ಮೇಲೆ ಯಾರೂ ಇಲ್ಲ ಅಂತ ನೋಡಿ ಆಮೇಲೆ ತಿರುಗಬೇಕು. ದಾಟ್ತಾ ಇರೋರು ಮಾತ್ರ ಅಲ್ಲ, ದಾಟೋಕೆ ಹೊರಟು ಅಂಚಿನಲ್ಲಿ ನಿಂತವರಿದ್ದರೂ ನಿಲ್ಲಬೇಕು. ಎಡಕ್ಕೆ ತಿರುಗೋದು ಇನ್ನೂ ಬಿಗಿ. ಹಸಿರು ಬಾಣ ಬರೋ ತನಕ ಕಾಯಬೇಕು. ‘ನಿಮ್ಮ ಜವಾಬ್ದಾರಿಯಲ್ಲಿ ತಿರುಗಿ’ ಅನ್ನೋ ಅರ್ಥದ ಫಲಕ ಇರೋ ಕಡೆ ಮಾತ್ರ ಮಾಮೂಲಿ ಹಸಿರಿನಲ್ಲಿ ತಿರುಗಬಹುದು.

ಇನ್ನು ವೇಗ. 2021ರ ಏಪ್ರಿಲ್‌ನಿಂದ ಊರೊಳಗಿನ ಸಾಮಾನ್ಯ ರಸ್ತೆಗಳಲ್ಲಿ ಗಂಟೆಗೆ 50 ಕಿಲೋಮೀಟರ್, ಮನೆಗಳ ನಡುವಿನ ರಸ್ತೆಯಲ್ಲಿ 30. ಶಾಲೆಯ ಮುಂದೆಯೂ 30. ಅಲ್ಲಿ ರಸ್ತೆಗೇ ಕೆಂಪು ಬಣ್ಣ ಬಳಿದಿರ್ತಾರೆ, ಕಾಣಲಿಲ್ಲ ಅನ್ನೋ ಹಾಗಿಲ್ಲ.

ಆ ಕೆಂಪು ಬಣ್ಣದ ಹಿಂದೆ ಒಂದು ಮಗುವಿನ ಹೆಸರಿದೆ. 2019ರ ಸೆಪ್ಟೆಂಬರ್‌ನಲ್ಲಿ ಆಸಾನ್ ಎಂಬ ಊರಲ್ಲಿ, ಶಾಲೆಯ ಮುಂದಿನ ಜೀಬ್ರಾ ಪಟ್ಟೆಯಲ್ಲಿ ಒಂಬತ್ತು ವರ್ಷದ ಹುಡುಗ ಕಾರಿಗೆ ಸಿಕ್ಕಿ ಸತ್ತ. ಎರಡು ತಿಂಗಳ ನಂತರ ದೇಶದ ಅಧ್ಯಕ್ಷರು ಟಿವಿಯಲ್ಲಿ ಜನರ ಜೊತೆ ನೇರ ಸಂವಾದ ನಡೆಸಿದರು. ಅಲ್ಲಿ ಮೊದಲು ಮಾತಾಡಿದ್ದು ಆ ಹುಡುಗನ ತಾಯಿ. ಡಿಸೆಂಬರ್‌ನಲ್ಲಿ ಸಂಸತ್ತು ಕಾನೂನು ಮಾಡಿತು, 2020ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಜನ ಅದನ್ನ ಕರೆಯೋದೇ ‘ಮಿನ್‌ಸಿಕ್ ಕಾನೂನು’ ಅಂತ, ಆ ಹುಡುಗನ ಹೆಸರಲ್ಲಿ. ಶಾಲಾ ವಲಯದಲ್ಲಿ ಚಾಲಕನ ನಿರ್ಲಕ್ಷ್ಯದಿಂದ 13 ವರ್ಷದೊಳಗಿನ ಮಗು ಸತ್ತರೆ ಕನಿಷ್ಠ ಮೂರು ವರ್ಷ ಜೈಲು, ಗರಿಷ್ಠ ಜೀವಾವಧಿ. ಗಾಯವಾದರೂ ಜೈಲು, ಇಲ್ಲವೇ ಭಾರೀ ದಂಡ. ಇದು ವಿಪರೀತ ಬಿಗಿಯಾಯ್ತು ಅಂತ ಅಲ್ಲಿಯೂ ವಾದ ಮಾಡುವವರಿದ್ದಾರೆ. ಆದರೆ ಶಾಲೆ ಮುಂದೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತೆ.

‘ಪೊಲೀಸ್ ಇಲ್ಲದಿದ್ದಾಗ?’ ಅಂತ ಕೇಳ್ತೀರಿ. ಗೊತ್ತು ನನಗೆ, ನಮ್ಮ ಮೊದಲ ಪ್ರಶ್ನೆಯೇ ಅದು. ಅಲ್ಲಿ ಪೊಲೀಸ್ ಕಾಣೋದು ಕಡಿಮೆಯೇ. ಕಾಣೋದು ಕ್ಯಾಮೆರಾ. ಸಿಗ್ನಲ್ ಹಾರಿದರೆ ಕಾರಿನ ಮಾಲೀಕನ ಮನೆಗೆ 70 ಸಾವಿರ ವಾನ್ ಚೀಟಿ ಬರುತ್ತೆ, ಅಂದ್ರೆ ನಮ್ಮ ನಾಲ್ಕು ಸಾವಿರ ರೂಪಾಯಿಗೂ ಹೆಚ್ಚು. ಶಾಲಾ ವಲಯದಲ್ಲಾದರೆ 1 ಲಕ್ಷ 30 ಸಾವಿರ ವಾನ್. ಪೊಲೀಸರ ಕೈಗೇ ಸಿಕ್ಕಿಬಿದ್ದರೆ ದಂಡ ಸ್ವಲ್ಪ ಕಡಿಮೆ, ಆದರೆ ಲೈಸನ್ಸಿನ ಲೆಕ್ಕಕ್ಕೆ 15 ಪಾಯಿಂಟ್ ಸೇರುತ್ತೆ. 40 ಆದರೆ ಲೈಸನ್ಸ್ ಅಮಾನತು.

ಕ್ಯಾಮೆರಾ ಕಂಬದ ಮೇಲೆ ಮಾತ್ರ ಇಲ್ಲ. ಕೊರಿಯಾದ ಬಹುಪಾಲು ಕಾರುಗಳ ಗಾಜಿನ ಮೇಲೆ ಒಂದೊಂದು ಕೂತಿದೆ. ಅವರು ಅದನ್ನ ‘ಬ್ಲಾಕ್ ಬಾಕ್ಸ್’ ಅಂತಾರೆ, ವಿಮಾನದಲ್ಲಿರೋ ಥರ. ನೀವು ಇಂಡಿಕೇಟರ್ ಹಾಕದೆ ಸಾಲು ಬದಲಿಸಿದರೆ ಹಿಂದಿನ ಕಾರಿನವನು ಹಾರ್ನ್ ಹೊಡೆದು ಜಗಳಕ್ಕೆ ಬರಲ್ಲ. ಮನೆಗೆ ಹೋಗಿ ಆ ವಿಡಿಯೋವನ್ನ ಸರ್ಕಾರದ ಆ್ಯಪ್‌ಗೆ ಹಾಕ್ತಾನೆ. ದಂಡದ ಚೀಟಿ ನಿಮ್ಮ ಮನೆಗೆ ಬರುತ್ತೆ. ಪ್ರತಿ ಕಾರೂ ಸಾಕ್ಷಿ.

ಅಪಘಾತವಾದರೆ? ಇಲ್ಲಿ ಜನ ಸೇರ್ತಾರೆ, ಧ್ವನಿ ಜೋರಿದ್ದವನು ಗೆಲ್ತಾನೆ. ಅಲ್ಲಿ ಎರಡೂ ಕಡೆಯವರು ತಮ್ಮ ವಿಮಾ ಕಂಪನಿಗೆ ಫೋನ್ ಮಾಡ್ತಾರೆ. ಗಾಯವಾಗಿದ್ದರೆ ಆಂಬುಲೆನ್ಸ್‌ಗೆ 119, ಪೊಲೀಸ್‌ಗೆ 112. ಆಮೇಲೆ ತಪ್ಪಿನ ಪಾಲು ಹಂಚ್ತಾರೆ. ನಿಮ್ಮದು 70, ಅವರದು 30, ಹೀಗೆ. ‘ಪೂರ್ತಿ ಅವನದೇ ತಪ್ಪು’ ಅಂತ ಸಾಧಿಸೋದು ಕಷ್ಟ. ಹೊಸಬರಿಗೆ ಇದು ಅನ್ಯಾಯ ಅನ್ನಿಸಬಹುದು. ಆದರೆ ಆ ಲೆಕ್ಕದ ಹಿಂದೆ ಒಂದು ಮಾತಿದೆ: ಎದುರಿನವನು ತಪ್ಪು ಮಾಡಿದಾಗ ನೀನು ತಪ್ಪಿಸಬಹುದಿತ್ತಾ?

ಪೂರ್ಣ ವಿಮೆ ಇದ್ದು, ಎದುರಿನವರಿಗೆ ತೀರಾ ಗಂಭೀರ ಗಾಯವಾಗದಿದ್ದರೆ ಸಾಮಾನ್ಯವಾಗಿ ಕ್ರಿಮಿನಲ್ ಕೇಸಿನವರೆಗೆ ಹೋಗಲ್ಲ. ಆದರೆ ಕಾನೂನು 12 ತಪ್ಪುಗಳನ್ನ ಪಟ್ಟಿ ಮಾಡಿದೆ. ಸಿಗ್ನಲ್ ಹಾರೋದು, ಮಧ್ಯದ ಗೆರೆ ದಾಟೋದು, ಮಿತಿಗಿಂತ 20 ಕಿಲೋಮೀಟರ್‌ಗೂ ಹೆಚ್ಚು ವೇಗ, ಜೀಬ್ರಾ ಪಟ್ಟೆಯಲ್ಲಿ ಪಾದಚಾರಿಗೆ ಗುದ್ದೋದು, ಕುಡಿದು ಓಡಿಸೋದು, ಲೈಸನ್ಸ್ ಇಲ್ಲದೆ ಓಡಿಸೋದು ಎಲ್ಲ ಅದರಲ್ಲಿವೆ. ಇವುಗಳಿಂದ ಯಾರಿಗಾದರೂ ಗಾಯವಾದರೆ ವಿಮೆ ಇದ್ದರೂ ಕೇಸು ಬೀಳಬಹುದು. ಈಗ ಆ ಒಂದು ವರ್ಷದ ಪರ್ಮಿಟ್ ನೆನಪು ಮಾಡ್ಕೊಳ್ಳಿ. ಅವಧಿ ಮುಗಿದ ಮೇಲೂ ಓಡಿಸ್ತಾ ಇರೋನು ಕಾನೂನಿನ ಕಣ್ಣಿಗೆ ಲೈಸನ್ಸ್ ಇಲ್ಲದವನು. ಪರದೇಶದಲ್ಲಿ ಕ್ರಿಮಿನಲ್ ದಾಖಲೆ ಅಂದ್ರೆ ಬರೀ ದಂಡವಲ್ಲ. ವೀಸಾ, ನೌಕರಿ, ಮಕ್ಕಳ ಶಾಲೆ, ಎಲ್ಲ ಅಲ್ಲಾಡುತ್ತೆ.

ಕುಡಿತದ ಮಾತಿಗೆ ಬರ್ತೀನಿ. 2018ರಲ್ಲಿ ಬುಸಾನ್‌ನಲ್ಲಿ ರಜೆಗೆ ಬಂದಿದ್ದ ಯುವ ಸೈನಿಕನೊಬ್ಬನಿಗೆ ಕುಡಿದ ಚಾಲಕ ಗುದ್ದಿದ. ಹುಡುಗ ಆಸ್ಪತ್ರೆಯಲ್ಲಿ ಸತ್ತ. ಅವನ ಸ್ನೇಹಿತರು ಸುಮ್ಮನೆ ಕೂರಲಿಲ್ಲ. ಅರ್ಜಿ ಹಿಡಿದು ಸರ್ಕಾರದ, ಸಂಸತ್ತಿನ ಬಾಗಿಲು ಬಡಿದರು. 2019ರ ಜೂನ್‌ನಲ್ಲಿ ರಕ್ತದಲ್ಲಿನ ಮದ್ಯದ ಮಿತಿ ಶೇ 0.05ರಿಂದ ಶೇ 0.03ಕ್ಕೆ ಇಳಿಯಿತು.

ಈ ಶೇ 0.03 ಎಲ್ಲೋ ಕೇಳಿದ ಹಾಗಿದೆ ಅಲ್ವಾ? 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್‌ನಲ್ಲಿರೋದೂ ಅದೇ! ಮಿತಿಯಲ್ಲಿ ನಾವು ಕೊರಿಯಾಕ್ಕೆ ಸಮ. ವ್ಯತ್ಯಾಸ ಬೇರೆ ಕಡೆ ಇದೆ. ಅಲ್ಲಿ ಪಾರ್ಟಿ ಮುಗಿಸಿದವನು ಫೋನ್ ತೆಗೆದು ‘ಡೇರಿ’ ಕರೀತಾನೆ. ಬಾಡಿಗೆ ಚಾಲಕ ಬಂದು, ಅವನದೇ ಕಾರನ್ನ ಓಡಿಸಿ, ಅವನನ್ನೂ ಕಾರನ್ನೂ ಮನೆ ಮುಟ್ಟಿಸ್ತಾನೆ. ನಾವು ‘ಮುಂದೆ ಚೆಕಿಂಗ್ ಇದೆಯೇನೋ’ ಅಂತ ಗಲ್ಲಿ ಹುಡುಕ್ತೀವಿ.

ಹಾಗಂತ ಕೊರಿಯಾದವರು ದೇವತೆಗಳು ಅಂತ ನಾನು ಹೇಳ್ತಿಲ್ಲ. ‘ಪಲ್ಲಿ ಪಲ್ಲಿ’, ಅಂದ್ರೆ ಬೇಗ ಬೇಗ, ಅನ್ನೋದು ಅವರ ನಾಲಿಗೆ ತುದಿಯಲ್ಲೇ ಇರೋ ಮಾತು. ಊಟ ತಲುಪಿಸೋ ಬೈಕುಗಳು ಅಲ್ಲಿಯೂ ಸಿಗ್ನಲ್ ಹಾರ್ತವೆ. ಪಾರ್ಕಿಂಗ್ ಜಾಗ ಅಲ್ಲಿಯೂ ಇಲ್ಲ. ಹಳೇ ಅಪಾರ್ಟ್‌ಮೆಂಟ್‌ಗಳಲ್ಲಿ ರಾತ್ರಿ ಒಂದು ಕಾರಿನ ಮುಂದೆ ಅಡ್ಡಲಾಗಿ ಇನ್ನೊಂದು ನಿಲ್ಲಿಸ್ತಾರೆ. ಆದರೆ ಹ್ಯಾಂಡ್‌ಬ್ರೇಕ್ ಹಾಕಲ್ಲ, ಗೇರ್ ನ್ಯೂಟ್ರಲ್‌ನಲ್ಲಿ ಬಿಟ್ಟು ಹೋಗ್ತಾರೆ. ಬೆಳಿಗ್ಗೆ ಒಳಗಿನ ಕಾರಿನವನು ಬಂದು, ಅಡ್ಡ ನಿಂತ ಕಾರನ್ನ ಕೈಯಲ್ಲೇ ತಳ್ಳಿ ದಾರಿ ಮಾಡ್ಕೊಂಡು ಹೋಗ್ತಾನೆ. ಡ್ಯಾಶ್‌ಬೋರ್ಡ್ ಮೇಲೆ ಫೋನ್ ನಂಬರ್ ಇಟ್ಟಿರ್ತಾರೆ. ಜಾಗ ಇಲ್ಲದಿದ್ದರೂ ಇನ್ನೊಬ್ಬನ ದಾರಿ ಕಟ್ಟಬಾರದು ಅನ್ನೋ ವ್ಯವಸ್ಥೆ ಇದು.

ಈಗ ನಾನು ಹೇಳಬೇಕಾದ ಮಾತು. ‘ಬಿಡಿ ಸಾರ್, ಅವರ ಜನವೇ ಹಾಗೆ, ಶಿಸ್ತು ರಕ್ತದಲ್ಲೇ ಬಂದಿದೆ’ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಸುಳ್ಳು. 1991ರಲ್ಲಿ ಕೊರಿಯಾದ ರಸ್ತೆಗಳಲ್ಲಿ ಸತ್ತವರು 13,429 ಜನ. ಆಗ ಆ ದೇಶದಲ್ಲಿದ್ದ ವಾಹನ ಸುಮಾರು 42 ಲಕ್ಷ. ಇವತ್ತು ವಾಹನಗಳ ಸಂಖ್ಯೆ ಎರಡೂವರೆ ಕೋಟಿ ದಾಟಿದೆ. 2023ರಲ್ಲಿ ಸತ್ತವರು 2,551. ವಾಹನ ಆರು ಪಟ್ಟು ಆಯ್ತು, ಸಾವು ಐದನೇ ಒಂದು ಪಾಲಿಗೆ ಇಳೀತು. ರಕ್ತ ಅದೇ, ಜನ ಅವರೇ. ಬದಲಾಗಿದ್ದು ಸೀಟ್ ಬೆಲ್ಟ್, ವೇಗದ ಮಿತಿ, ಕ್ಯಾಮೆರಾ, ಪರೀಕ್ಷೆ, ಕಾನೂನು. ಒಂದೊಂದು ಸಾವಿನ ನಂತರವೂ ‘ಇನ್ನು ಸಾಕು’ ಅಂತ ಎದ್ದು ನಿಂತ ತಾಯಂದಿರು, ಸ್ನೇಹಿತರು.

ನಮ್ಮ ಲೆಕ್ಕ ಕೇಳಿ. 2022ರಲ್ಲಿ ಕೊರಿಯಾದ ರಸ್ತೆಗಳಲ್ಲಿ ಸತ್ತವರು 2,735. ಅದೇ ವರ್ಷ ಕರ್ನಾಟಕವೊಂದರಲ್ಲೇ 11 ಸಾವಿರಕ್ಕೂ ಹೆಚ್ಚು. ಜನಸಂಖ್ಯೆ ಅವರದು ಐದು ಕೋಟಿ ಮೀರಿದೆ, ನಮ್ಮದು ಆರು ಕೋಟಿ ಮೀರಿದೆ. ದಿನಕ್ಕೆ ಮೂವತ್ತು ಮನೆಗಳಲ್ಲಿ ಹೆಣ ಇಳಿಸ್ತೀವಿ. ಬೆಳಗಿನ ಬುಲೆಟಿನ್‌ನಲ್ಲಿ ನಾನು ಅದನ್ನ ಎರಡು ಸಾಲಿನಲ್ಲಿ ಓದ್ತೀನಿ, ಮುಂದಿನ ಸುದ್ದಿಗೆ ಹೋಗ್ತೀನಿ. ನೀವು ಚಾನೆಲ್ ಬದಲಾಯಿಸ್ತೀರಿ.

ಒಂದು ಮಾತು ಗಮನಿಸಿ. ಬೆಂಗಳೂರಿನಲ್ಲಿ ಸಿಗ್ನಲ್ ಹಾರ್ತಿದ್ದ ಅದೇ ನಮ್ಮ ಹುಡುಗ ಸೂವನ್‌ನಲ್ಲಿ ಖಾಲಿ ರಸ್ತೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಕೆಂಪು ದೀಪಕ್ಕೆ ಚಕ್ರ ನಿಲ್ಲಿಸಿ ಕೂರ್ತಾನೆ. ಹಾಗಾದರೆ ಅವನಿಗೆ ನಿಲ್ಲೋಕೆ ಬರಲ್ಲ ಅಂತಲ್ಲ. ನಾವು ಅವನನ್ನ ನಿಲ್ಲಿಸ್ತಿಲ್ಲ. ಸಿಕ್ಕಿಬೀಳೋದು ಖಾತ್ರಿ ಮಾಡಿ, ದುಡ್ಡಿಗೆ ಲೈಸನ್ಸ್ ಮಾರೋದು ನಿಲ್ಲಿಸಿ, ಶಾಲೆಯ ಮುಂದೆ ಗೆರೆ ಎಳೆದು ಅದಕ್ಕೆ ಬೆಲೆ ಕೊಡಿ. ಅವನು ಇಲ್ಲೂ ನಿಲ್ತಾನೆ.

ಕಾನೂನು ಬರೋ ತನಕ ಕಾಯಬೇಕಾ? ಬೇಕಾಗಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಬೀದಿಯ ಶಾಲೆ ಮುಂದೆ ಗಾಡಿಯ ವೇಗವನ್ನ ಮೂವತ್ತಕ್ಕೆ ಇಳಿಸಿ. ಹಿಂದಿನವನು ಹಾರ್ನ್ ಹೊಡೀತಾನೆ. ಹೊಡೀಲಿ ಬಿಡಿ.