ಕುಸುರೆಳ್ಳಿನ ಸಂಜೆ

ಪ್ರತಿವರ್ಷ ಅಕ್ಟೋಬರ್ ೩೧ರ ರಾತ್ರಿ, ಹ್ಯಾಲೋವೀನ್ ಹಬ್ಬದಂದು, ಅಮೆರಿಕೆಯ ಮಕ್ಕಳು ದೆವ್ವಗಳ ವೇಷ ತೊಟ್ಟು, ಕೊಡದಿದ್ದರೆ ಕೀಟಲೆ ಮಾಡುವೆವೆಂದು ಹುಸಿಬೆದರಿಕೆ ಹಾಕಿ, ಮನೆಮನೆಯಿಂದ ಮಿಠಾಯಿ ಕೂಡಿಸುತ್ತಾರೆ. ನಮ್ಮ ಬೈಲಹೊಂಗಲದ ಕಡೆ ಸಂಕ್ರಾಂತಿಯ ಸಂಜೆ ಮಕ್ಕಳು ಮನೆಮನೆಗೆ ಹೋಗುವುದುಂಟು, ಆದರೆ ಬರಿಗೈಯಿಂದಲ್ಲ. ಕುಸುರೆಳ್ಳು ಕೊಟ್ಟು, ಹಿರಿಯರ ಕಾಲಿಗೆರಗಿ, ಮರಳಿ ಕುಸುರೆಳ್ಳನ್ನೇ ಪಡೆಯುತ್ತಾರೆ. ಕೊಟ್ಟದ್ದನ್ನೇ ಪಡೆದರೆ ಬಂದ ಲಾಭವೇನೆಂದು ತಾವು ಕೇಳಬಹುದು.

ಕುಸುರೆಳ್ಳು ತಾಳ್ಮೆಯ ತಿನಿಸು. ಸಣ್ಣ ಉರಿಯ ಮೇಲೆ ಎಳ್ಳನ್ನಾಡಿಸುತ್ತ ಸಕ್ಕರೆಯ ಪಾಕವನ್ನು ಸ್ವಲ್ಪಸ್ವಲ್ಪವಾಗಿ ಹನಿಸಬೇಕು; ಪದರದ ಮೇಲೆ ಪದರ ಕೂಡಿ ಕಾಳಿಗೆ ಬಿಳಿಯ ಮುಳ್ಳುಗಳು ಮೂಡುತ್ತವೆ. ಅವಸರಿಸಿದರೆ ಎಲ್ಲವೂ ಗಂಟಾಗುತ್ತದೆ.

ನಾನು ಚಿಕ್ಕವನಿದ್ದಾಗ ನಡುಗೋಡೆಯ ವ್ಯಾಜ್ಯದಿಂದ ನೆರೆಮನೆಯವರಿಗೂ ನಮಗೂ ಮಾತು ನಿಂತಿತ್ತು. ಆ ವರ್ಷದ ಸಂಕ್ರಾಂತಿಗೆ ಅವ್ವ ನನ್ನನ್ನು ಅಲ್ಲಿಗೂ ಕಳಿಸಿದಳು. ಬಾಗಿಲು ತೆರೆದ ಅಜ್ಜಿ ಸುಮ್ಮನೆ ನಿಂತಳು. ನಾನು ಅಂಜುತ್ತ, ‘ಎಳ್ಳುಬೆಲ್ಲ ತಗೊಂಡು ಎಳ್ಳುಬೆಲ್ಲದ್ಹಾಂಗ ಇರೋಣ, ಆಯಿ’ ಎಂದೆ. ಆಕೆ ಒಳಹೋಗಿ ಮುಷ್ಟಿ ತುಂಬ ತಂದು, ‘ನಿಮ್ಮವ್ವಗೂ ಕೊಡು’ ಎಂದಳು.

ವ್ಯಾಜ್ಯ ತೀರಲು ಮತ್ತೆ ವರ್ಷಗಳೇ ಹಿಡಿದವು. ಮಾತು ಮಾತ್ರ ಅಂದೇ ಮೊದಲಾಯಿತು. ದೊಡ್ಡವರು ದಾಟಲಾರದ ಹೊಸ್ತಿಲನ್ನು ದಾಟಲೆಂದೇ ನಮ್ಮ ಹಿರಿಯರು ಈ ನಾಲ್ಕು ಕಾಳುಗಳನ್ನು ಮಕ್ಕಳ ಕೈಗಿತ್ತರೆಂದು ನನಗನಿಸುತ್ತದೆ.