ತೋಟದ ಹಣ್ಣಿಗೆ ಪದರದ ಹೊದಿಕೆ: ಶಹಾಪುರದ ಬಿಸಿಲು ಕಲಿಸಿದ ಪಾಠ

ಮೇ ತಿಂಗಳು ಕಳೆಯುತ್ತ ಬಂತೆಂದರೆ ನಮ್ಮ ತೋಟಗಳಲ್ಲಿ ಅನಾನಸು ಹಣ್ಣಾಗತೊಡಗುತ್ತದೆ. ಹಲಸಿನ ಮಾತಂತೂ ಬೇಡವೇ ಬೇಡ. ಅಡಿಕೆಯ ನಡುವೆ ನೆಟ್ಟ ಪುಟ್ಟಬಾಳೆ ಒಂದೇ ವಾರದಲ್ಲಿ ನಾಲ್ಕು ಗೊನೆ ಹಣ್ಣಾಗುತ್ತದೆ. ಪೇಟೆಗೆ ಒಯ್ದರೆ ಜೀಪಿನ ಬಾಡಿಗೆ ಗಿಟ್ಟುವುದಿಲ್ಲ, ಮನೆಯಲ್ಲಿ ತಿಂದು ತೀರುವುದಿಲ್ಲ. ಕೊನೆಗೆ ಅರ್ಧ ಕೊಟ್ಟಿಗೆಗೆ, ಅರ್ಧ ಗೊಬ್ಬರದ ಗುಂಡಿಗೆ. ಅದೇ ಸಂಜೆ ಮಕ್ಕಳು ಪೇಟೆಯ ಬೇಕರಿಯಿಂದ ಹಣ್ಣಿನ ಪಫ್ ಕೊಂಡು ತರುತ್ತಾರೆ! ಹಣ್ಣನ್ನು ಎಸೆದು ಹಣ್ಣಿನ ತಿಂಡಿಗೆ ದುಡ್ಡು ಕೊಡುವ ಈ ಲೆಕ್ಕ ಬಹಳ ದಿನದಿಂದ ನನ್ನ ತಲೆ ಕೊರೆಯುತ್ತಿತ್ತು. ಅದಕ್ಕೆ ಉತ್ತರ ಸಿಕ್ಕಿದ್ದು ಕಾಫಿ, ಅಡಿಕೆ ಬೆಳೆಯದ ಬಯಲು ಸೀಮೆಯಲ್ಲಿ.

ನನ್ನ ತಂಗಿಯನ್ನು ಕೊಟ್ಟಿರುವುದು ಶಹಾಪುರಕ್ಕೆ. ಯಾದಗಿರಿ, ಶಹಾಪುರ, ಸುರಪುರ ಈ ಮೂರೂ ಹಿಂದೆ ಗುಲಬರ್ಗಾ ಜಿಲ್ಲೆಯಲ್ಲಿದ್ದ ತಾಲ್ಲೂಕುಗಳು. 2009ರ ಕೊನೆಯಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟ, ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರಿಗೆ ಭತ್ತ, ಉಳಿದ ಕಡೆ ಹತ್ತಿ, ತೊಗರಿ, ಜೋಳ. ಒಂದು ಬೇಸಿಗೆ ಚೀಲದ ತುಂಬ ಅನಾನಸು ಹೊತ್ತು ಅಲ್ಲಿಗೆ ಹೋದೆ. ತಂಗಿಯ ಮನೆಯಲ್ಲಿ ಸಣ್ಣ ವಿದ್ಯುತ್ ಒಲೆ ಇತ್ತು. "ಪಫ್ ಮಾಡಿ ತೋರಿಸುತ್ತೇನೆ" ಎಂದು ಜಂಬದಿಂದ ಸೆರಗು ಕಟ್ಟಿದೆ.

ಆ ದಿನ ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಸಾಲದ್ದಕ್ಕೆ ಕರೆಂಟೂ ಹೋಯಿತು. ಕಣಕದ ನಡುವೆ ಇಟ್ಟ ಬೆಣ್ಣೆ ಎರಡನೇ ಮಡಿಕೆಗೇ ಕರಗಿ ಲಟ್ಟಣಿಗೆಗೆ ಅಂಟಿತು. ಕರೆಂಟು ಬಂದ ಮೇಲೆ ಹೇಗೋ ಬೇಯಿಸಿದೆ. ತಟ್ಟೆಯ ತುಂಬ ತುಪ್ಪ, ಮೇಲೆ ಹಲಗೆಯಂಥ ಬಿಸ್ಕತ್ತು. ಮಕ್ಕಳು ದೊಡ್ಡಮ್ಮನಿಗೆ ಬೇಜಾರಾಗಬಾರದೆಂದು ತಿಂದವು.

ಪಕ್ಕದ ಮನೆಯಲ್ಲಿ ಸುರಪುರದ ಕಡೆಯ ಹಿರಿಯರೊಬ್ಬರು, ಎಲ್ಲರಿಗೂ ಕಾಕು. ಅವರು ಒಂದು ತುಂಡು ಮುರಿದು ನೋಡಿ, "ಅಕ್ಕಾರ, ಈ ಬಿಸಲಾಗ ಬೆಣ್ಣಿ ನಿಂದ್ರಂಗಿಲ್ರಿ. ಚಿರೋಟಿಗಿ ಸಾಟಿ ಹಚ್ಚತೀವಲ್ರಿ, ಹಂಗ ಹಚ್ಚಿ ನೋಡ್ರಿ" ಎಂದರು. ಅಷ್ಟೇ ಮಾತು. ನನ್ನ ಕಣ್ಣು ತೆರೆಯಿತು.

ಪದರ ಏಳುವುದು ಹೇಗೆ?

ಪಫ್ ಉಬ್ಬುವುದಕ್ಕೆ ಸೋಡಾ ಬೇಡ, ಈಸ್ಟ್ ಬೇಡ. ತೆಳು ಕಣಕ, ತೆಳು ಜಿಡ್ಡು, ಮತ್ತೆ ಕಣಕ, ಹೀಗೆ ಪದರಗಳಿರಬೇಕು. ಬಿಸಿ ತಾಗಿದಾಗ ಕಣಕದ ನೀರು ಆವಿಯಾಗಿ ಪದರಗಳನ್ನು ಎತ್ತುತ್ತದೆ; ನಡುವಿನ ಜಿಡ್ಡು ಅವು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಮೂರು ಮಡಿಕೆಯಂತೆ ಆರು ಸಲ ಮಡಿಸಿದರೆ ಜಿಡ್ಡಿನ ಪದರ 729 ಆಗುತ್ತದೆ. ಆದರೆ ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಗೇ ಕರಗುತ್ತದೆ. ಕರಗಿ ಕಣಕದೊಳಗೆ ಇಂಗಿದರೆ ಪದರವೇ ಉಳಿಯುವುದಿಲ್ಲ. ಸಾಟಿಯಲ್ಲಾದರೆ ತುಪ್ಪವನ್ನು ಅಕ್ಕಿಹಿಟ್ಟು ಹಿಡಿದುಕೊಳ್ಳುತ್ತದೆ, ಸುಲಭದಲ್ಲಿ ಹರಿಯಗೊಡುವುದಿಲ್ಲ. ನಮ್ಮ ಅಜ್ಜಿಯಂದಿರು ಚಿರೋಟಿಯಲ್ಲಿ ಮಾಡಿದ್ದು ಇದನ್ನೇ. ಅವರು ಕರಿದರು, ನಾವು ಬೇಯಿಸುತ್ತೇವೆ.

ಹೂರಣ

ಹೆಚ್ಚಿದ ಅನಾನಸು ಅರ್ಧ ಕಿಲೋ, ಸಕ್ಕರೆ 150 ಗ್ರಾಂ. ಸಣ್ಣ ಉರಿಯಲ್ಲಿ ಮಗುಚುತ್ತ ನೀರಿಂಗುವವರೆಗೆ ಬೇಯಿಸಿ. ಸೌಟಿನಿಂದ ಗೆರೆ ಎಳೆದರೆ ಪಾತ್ರೆಯ ತಳ ಕಂಡು, ಗೆರೆ ಕೂಡಲೇ ಮುಚ್ಚಿಕೊಳ್ಳದಿದ್ದರೆ ಹದವಾಯಿತು. ಒಂದು ಚಮಚ ನಿಂಬೆರಸ, ಎರಡು ಏಲಕ್ಕಿ ಸೇರಿಸಿ ಪೂರ್ತಿ ಆರಿಸಿ. ಬಿಸಿ ಹೂರಣ, ನೀರು ಬಿಡುವ ಹೂರಣ ಎರಡೂ ಪದರವನ್ನು ಕೆಡಿಸುತ್ತವೆ. ಪುಟ್ಟಬಾಳೆಗೆ ಬೆಲ್ಲ ಸಾಕು. ಹಲಸಿನಲ್ಲಿ ಬಕ್ಕೆಯಾದರೆ ಸಣ್ಣಗೆ ಹೆಚ್ಚಿ, ಅಂಬಲಿಯಾದರೆ ಸೋಸಿ, ಬೆಲ್ಲದೊಡನೆ ಗಟ್ಟಿಯಾಗಿ ಕಾಯಿಸಿ.

ಸಾಟಿಯ ಪಫ್ (ಹನ್ನೆರಡು)

ಮೈದಾ 250 ಗ್ರಾಂ, ತುಪ್ಪ ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು. ನೀರು ಹಾಕಿ ಪೂರಿ ಹಿಟ್ಟಿನಂತೆ ಗಟ್ಟಿಯಾಗಿ ಕಲಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ಹೆರೆತ ತುಪ್ಪ 100 ಗ್ರಾಂ, ಅಕ್ಕಿಹಿಟ್ಟು 60 ಗ್ರಾಂ ಸೇರಿಸಿ ಅಂಗೈಯಲ್ಲಿ ಬೆಳ್ಳಗಾಗುವಂತೆ ನಾದಿ, ಇದು ಸಾಟಿ. ಬೇಸಿಗೆಯಲ್ಲಿ ತುಪ್ಪ ನೀರಾಗಿದ್ದರೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ನಾದಿ, ಬೇಕಾದರೆ ಇನ್ನೊಂದು ಚಮಚ ಹಿಟ್ಟು ಸೇರಿಸಿ.

ಕಣಕದಲ್ಲಿ ಆರು ಉಂಡೆ ಮಾಡಿ ತೆಳ್ಳಗೆ ಲಟ್ಟಿಸಿ. ಒಂದೊಂದಕ್ಕೂ ಸಾಟಿ ಸವರಿ ಒಂದರ ಮೇಲೊಂದು ಹೇರಿ, ಚಾಪೆಯಂತೆ ಬಿಗಿಯಾಗಿ ಸುತ್ತಿ, ಹನ್ನೆರಡು ತುಂಡು ಮಾಡಿ. ಕತ್ತರಿಸಿದ ಮುಖ ಮೇಲಿರುವಂತೆ ಇಟ್ಟು, ಮೆಲ್ಲಗೆ ಒತ್ತಿ, ಪೂರಿಯಷ್ಟು ಲಟ್ಟಿಸಿ. ಒಂದೊಂದು ಚಮಚ ಹೂರಣವಿಟ್ಟು, ಅಂಚಿಗೆ ನೀರು ಸವರಿ, ಕರ್ಜಿಕಾಯಿಯಂತೆ ಮಡಿಸಿ ಒತ್ತಿ. ಮೇಲೆ ಎರಡು ಕಡೆ ಚುಚ್ಚಿದರೆ ಆವಿ ಹೋಗಲು ದಾರಿಯಾಗುತ್ತದೆ. ಮೊದಲೇ ಕಾಯಿಸಿದ 190 ಡಿಗ್ರಿ ಒಲೆಯಲ್ಲಿ ಸುಮಾರು 25 ನಿಮಿಷ, ಬಣ್ಣ ಬರುವವರೆಗೆ ಬೇಯಿಸಿ.

ವಿದ್ಯುತ್ ಒಲೆ ಇಲ್ಲದವರು ದಪ್ಪ ತಳದ ಬಾಣಲೆಗೆ ಎರಡಂಗುಲ ಮರಳು ಹಾಕಿ, ಕಾಲು ಗಂಟೆ ಕಾಯಿಸಿ, ಸಣ್ಣ ಕುಕ್ಕುರುಗಾಲಿನ ಮೇಲೆ ತಟ್ಟೆ ಇಟ್ಟು ಮುಚ್ಚಿ. ಮೇಲ್ಭಾಗ ಕೆಂಪಾಗಬೇಕಾದರೆ ಮುಚ್ಚಳದ ಮೇಲೆ ಕೆಂಡ ಹರಡಬೇಕು. ಸೌದೆ ಒಲೆಯಿರುವ ನಮ್ಮ ಮನೆಗಳಲ್ಲಿ ಕೆಂಡಕ್ಕೇನು ಬರ?

ನಮ್ಮ ಮಲೆನಾಡಿನಲ್ಲಿ

ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಬೆಣ್ಣೆಯ ಪಫ್ ನಮಗೆ ಸುಲಭ. 250 ಗ್ರಾಂ ಮೈದಾಕ್ಕೆ 175 ಗ್ರಾಂ ಗಟ್ಟಿ ಬೆಣ್ಣೆ ಇಟ್ಟು, ಎರಡು ಮಡಿಕೆಗೊಮ್ಮೆ ಅರ್ಧ ಗಂಟೆ ತಂಪಿನಲ್ಲಿಟ್ಟು ಆರು ಸಲ ಮಡಿಸಿದರಾಯಿತು. ಇದಕ್ಕೆ ಒಲೆಯ ಕಾವು 200 ಡಿಗ್ರಿಗೆ ಕಡಿಮೆ ಇರಬಾರದು. ಆ ಕಾಲಕ್ಕೆ ತೋಟದಲ್ಲಿ ಅನಾನಸು ಇರುವುದಿಲ್ಲವೆನ್ನುವಿರಾ? ಸುಗ್ಗಿಯಲ್ಲಿ ಹಣ್ಣಿನಷ್ಟೇ ತೂಕದ ಸಕ್ಕರೆ ಹಾಕಿ ಪಾಕ ಮಾಡಿ, ಕುದಿಸಿ ಒಣಗಿಸಿದ ಬಾಟಲಿಯಲ್ಲಿ ತುಂಬಿಟ್ಟುಕೊಳ್ಳಿ. ಇನ್ನೊಂದು ಮಾತು: ಶಹಾಪುರದ ಒಣ ಹವೆಯಲ್ಲಿ ಎರಡು ದಿನ ಗರಿಗರಿ ಇರುವ ಪಫ್ ನಮ್ಮ ಜುಲೈ ಮಳೆಯಲ್ಲಿ ಸಂಜೆಗೇ ಮೆತ್ತಗಾಗುತ್ತದೆ. ಬಿಸಿ ಆರಿದ ಕೂಡಲೇ ಡಬ್ಬಿಗೆ ಹಾಕಬೇಕು.

ಬೇಕರಿಯವರಿಂದ ಕಲಿಯುವುದಿದೆ

ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಹಾಸನದ ಕಡೆಯ ಅಯ್ಯಂಗಾರ್ಯರು ಬೇಕರಿ ತೆರೆದರೆಂದು ಹೇಳುತ್ತಾರೆ. ಇಂದು ಊರೂರಿನಲ್ಲಿರುವ ಅಯ್ಯಂಗಾರ್ ಬೇಕರಿಗಳ ದಿಲ್‌ಪಸಂದ್ ನೋಡಿ: ಒಳಗೆ ಕಾಯಿತುರಿ, ಸಕ್ಕರೆ, ಟೂಟಿ ಫ್ರೂಟಿ. ಆ ಟೂಟಿ ಫ್ರೂಟಿ ಸಾಮಾನ್ಯವಾಗಿ ಸಕ್ಕರೆ ಪಾಕದಲ್ಲಿ ಬೆಂದು ಬಣ್ಣ ಹಚ್ಚಿಕೊಂಡ ಪಪ್ಪಾಯಿ ಕಾಯಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಯಾದಗಿರಿ ಸೀಮೆಯವರಿಗೂ ಹೈದರಾಬಾದಿನ ಬೇಕರಿ ತಿಂಡಿ ಹೊಸದಲ್ಲ. ಹಿತ್ತಲ ಪಪ್ಪಾಯಿಗೆ ಬೆಲೆ ಬರಿಸಿದವರು ಬೇಕರಿಯವರು. ನಾವು ಅದನ್ನು ಕಾಗೆಗೆ ಬಿಟ್ಟಿದ್ದೇವೆ.

ಜಿಡ್ಡಿನ ಬಗ್ಗೆ ಮಾತ್ರ ಎಚ್ಚರ. ಅಗ್ಗವೆಂದು ವನಸ್ಪತಿ ಬಳಸುವ ರೂಢಿ ಹಳೆಯದು. ಅದರಲ್ಲಿರುತ್ತಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡೆಂದು 2022ರ ಜನವರಿಯಿಂದ ನಮ್ಮ ದೇಶದಲ್ಲಿ ಅದಕ್ಕೆ ನೂರಕ್ಕೆ ಎರಡರ ಮಿತಿ ಹಾಕಿದ್ದಾರೆ. ಮನೆಯ ತುಪ್ಪವಾದರೂ ದಿನಾ ತಿನ್ನುವ ತಿಂಡಿ ಇದಲ್ಲ.

ಮಾರುವುದಾದರೆ

ಊರಿಗೆ ಹೊರಡುವ ಮುನ್ನ ತಂಗಿ ಕೇಳಿದಳು, "ಅಕ್ಕಾ, ಇದನ್ನು ಮಾಡಿ ಮಾರಿದರೆ ನನ್ನ ಕೈಗೂ ನಾಲ್ಕು ಕಾಸು ಬಂದೀತೇ?" ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ಇಬ್ಬರೂ ಕುಳಿತು ಲೆಕ್ಕ ಬರೆದೆವು: ಮೈದಾ, ತುಪ್ಪ, ಸಕ್ಕರೆ, ಕರೆಂಟು, ಕಾಗದ, ಮುರಿದು ಹಾಳಾಗುವ ಒಂದೆರಡು, ಎಲ್ಲಕ್ಕಿಂತ ಮುಖ್ಯವಾಗಿ ಅವಳ ಎರಡು ತಾಸಿನ ಕೂಲಿ. ತುಪ್ಪದ್ದೇ ದೊಡ್ಡ ಖರ್ಚು. ದಿನಾ ಮಾಡಿ ಅಂಗಡಿಗೆ ಹಾಕಿದರೆ ಉಳಿಯುವುದು ಅಷ್ಟಕ್ಕಷ್ಟೆ. ಸೀಮಂತ, ಹುಟ್ಟುಹಬ್ಬಗಳಿಗೆ ಹೇಳಿ ಮಾಡಿಸುವವರಿಗೆ ಮಾತ್ರ ಮಾಡಿದರೆ ನಷ್ಟವಿಲ್ಲ ಎಂದು ಕಂಡಿತು. ಮನೆಯಲ್ಲೇ ಮಾಡಿ ಮಾರಿದರೂ ಆಹಾರ ಸುರಕ್ಷತೆಯ ನೋಂದಣಿ ಕಡ್ಡಾಯ. ಅದನ್ನು ಮೊದಲು ಮಾಡಿಸಿದಳು. ಈಗ ಕಾಕು ಸಾಟಿ ನಾದುತ್ತಾರೆ, ತಂಗಿ ಬೇಯಿಸುತ್ತಾಳೆ, ಸುಗ್ಗಿಯಲ್ಲಿ ಪಾಕದ ಬಾಟಲಿ ನಮ್ಮ ತೋಟದಿಂದ ಹೋಗುತ್ತದೆ. ಸಂಪಾದನೆ ದೊಡ್ಡದಲ್ಲ, ಆದರೆ ಅದು ಅವಳದು.

ನಮ್ಮ ಸದಸ್ಯರ ಮನೆಯವರು ಈ ಸಲ ಹಣ್ಣನ್ನು ಗುಂಡಿಗೆ ಹಾಕುವ ಮೊದಲು ಒಂದು ಅನಾನಸನ್ನಾದರೂ ಬೇರೆ ತೆಗೆದಿಡಿ. ಮೊದಲ ಸಲ ಕೆಟ್ಟರೆ ಬೇಸರಿಸಬೇಡಿ. ನನ್ನದು ಹಲಗೆಯಾಗಿತ್ತು.