ಪ್ರೋಟಾನುಗಳ ಡಿಕ್ಕಿ ಮತ್ತು ದುರ್ಗದ ವಿದ್ಯಾರ್ಥಿ

2008ರ ಸೆಪ್ಟೆಂಬರ್ 10ರಂದು ಜಿನೀವಾ ಬಳಿಯ ‘ಸರ್ನ್’ ಪ್ರಯೋಗಾಲಯದ ಲಾರ್ಜ್ ಹೇಡ್ರಾನ್ ಕೊಲೈಡರ್ ಯಂತ್ರದಲ್ಲಿ ಪ್ರೋಟಾನ್ ಕಿರಣ ಮೊದಲ ಸುತ್ತು ಹಾಕಿತು. ಕಪ್ಪುಕುಳಿಯೊಂದು ಭೂಮಿಯನ್ನೇ ನುಂಗಲಿದೆ ಎಂದು ನಮ್ಮ ಕೆಲವು ಟಿ.ವಿ. ವಾಹಿನಿಗಳು ಅದಕ್ಕೆ ಮುನ್ನ ಹೆದರಿಸಿದ್ದವು. ಅಂದು ಸಂಜೆ ಚಿತ್ರದುರ್ಗದ ಬಂಡೆಗಳ ಹಿಂದೆ ಸೂರ್ಯ ಎಂದಿನಂತೆಯೇ ಮುಳುಗಿದ. ಭಯ ಹೋಯಿತು, ಆದರೆ ಅದರ ಜಾಗಕ್ಕೆ ತಿಳಿವಳಿಕೆ ಬರಲಿಲ್ಲ.

‘ಪ್ರೋಟಾನುಗಳನ್ನು ಡಿಕ್ಕಿ ಹೊಡೆಸಿದರೆ ನಮಗೇನು ಬಂತು ಸಾರ್?’ ಎಂದು ಹೊಳಲ್ಕೆರೆಯ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಈಚೆಗೆ ನನ್ನನ್ನು ಕೇಳಿದ. ಪ್ರಶ್ನೆ ನ್ಯಾಯವಾದದ್ದೇ.

ಆ ಯಂತ್ರದ ಸುತ್ತಳತೆ 27 ಕಿ.ಮೀ.; ಚಿತ್ರದುರ್ಗದಿಂದ ಅವನ ಊರಿಗಿರುವ ದಾರಿಗಿಂತ ತುಸು ಕಡಿಮೆ. ಬೆಳಕಿನ ವೇಗಕ್ಕೆ ತೀರಾ ಸಮೀಪದಲ್ಲಿ ಓಡುವ ಪ್ರೋಟಾನು ಈ ಸುತ್ತನ್ನು ಸೆಕೆಂಡಿಗೆ 11 ಸಾವಿರಕ್ಕೂ ಹೆಚ್ಚು ಬಾರಿ ಮುಗಿಸುತ್ತದೆ. ಎದುರುಬದುರಾಗಿ ಬಂದ ಪ್ರೋಟಾನುಗಳು ಡಿಕ್ಕಿಯಾದಾಗ ಅವುಗಳ ಶಕ್ತಿಯಿಂದ ಹೊಸ ಕಣಗಳು ಹುಟ್ಟಿ, ಕ್ಷಣಾರ್ಧದಲ್ಲಿ ಒಡೆದುಹೋಗುತ್ತವೆ. ಉಳಿಯುವ ಜಾಡನ್ನು ಉಪಕರಣಗಳು ದಾಖಲಿಸುತ್ತವೆ. ಹಿಗ್ಸ್ ಬೋಸಾನ್ ಪತ್ತೆಯಾಗಿದ್ದು ಹೀಗೆಯೇ. ಅದನ್ನು 2012ರ ಜುಲೈ 4ರಂದು ಪ್ರಕಟಿಸಲಾಯಿತು.

ಇದು ದೂರದವರ ಆಟವೆಂದು ನಾವು ಕೈಕಟ್ಟಿ ಕೂರಬೇಕಿಲ್ಲ. ಮೇಲಿನ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು 1965ರಲ್ಲಿ ಮೊದಲಿಗೆ ಕಂಡವರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳೂ ಇದ್ದರು. ಸರ್ನ್ ಯಂತ್ರದ ಭಾರೀ ಅಯಸ್ಕಾಂತಗಳನ್ನು ಹೊತ್ತು ನಿಖರವಾಗಿ ಹೊಂದಿಸುವ ಜ್ಯಾಕುಗಳು ಭಾರತದಿಂದ ಹೋದವು. ಅವುಗಳಲ್ಲಿ ಬೆಂಗಳೂರಿನಲ್ಲಿ ತಯಾರಾದವೂ ಇದ್ದವು. 2017ರಲ್ಲಿ ಭಾರತ ಸರ್ನ್‌ನ ಸಹಸದಸ್ಯ ರಾಷ್ಟ್ರವಾಯಿತು.

ವಿದ್ಯಾರ್ಥಿಯ ಪ್ರಶ್ನೆಗೆ ನನ್ನ ಉತ್ತರ ಇನ್ನೂ ಸರಳ. ವರ್ಲ್ಡ್ ವೈಡ್ ವೆಬ್ ಹುಟ್ಟಿದ್ದು ಸರ್ನ್‌ನಲ್ಲಿ. 1993ರಲ್ಲಿ ಅದನ್ನು ಜಗತ್ತಿಗೆ ಉಚಿತವಾಗಿ ಬಿಟ್ಟುಕೊಟ್ಟದ್ದೂ ಸರ್ನ್. ಡಿಕ್ಕಿಗಳ ದತ್ತಾಂಶವನ್ನೂ ಆ ಸಂಸ್ಥೆ 2014ರಿಂದ ಸಾರ್ವಜನಿಕರಿಗೆ ತೆರೆದಿಟ್ಟಿದೆ. ಅದರಲ್ಲಿ ಎರಡು ಮ್ಯುಯಾನುಗಳ ಶಕ್ತಿ ಮತ್ತು ಸಂವೇಗಗಳನ್ನು ಆರಿಸಿಕೊಂಡು ಲೆಕ್ಕ ಹಾಕಿ ನಕ್ಷೆ ಬರೆದರೆ, ಒಂದೆಡೆ ಶಿಖರವೊಂದು ಏಳುತ್ತದೆ. ಅದೇ ಪ್ರೋಟಾನಿಗಿಂತ ಸುಮಾರು 97 ಪಟ್ಟು ಭಾರವಾದ ಝಡ್ ಬೋಸಾನ್. 1983ರಲ್ಲಿ ಇದೇ ಕಣದ ಪತ್ತೆ ವಿಶ್ವವಾರ್ತೆಯಾಗಿತ್ತು. ಇಂದು ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಒಂದು ಕಂಪ್ಯೂಟರ್ ಮುಂದೆ ಕುಳಿತ ಹುಡುಗಿ ಅದನ್ನು ಸ್ವತಃ ಕಾಣಬಲ್ಲಳು.

ಕೊರತೆಯಿರುವುದು ಯಂತ್ರದ್ದಲ್ಲ, ಕೈಹಿಡಿದು ಕನ್ನಡದಲ್ಲಿ ವಿವರಿಸುವವರದು. ಇದೇ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆದಿದೆ. ಆ ತರಬೇತಿಯಲ್ಲಿ ಈ ಮುಕ್ತ ದತ್ತಾಂಶಕ್ಕೆ ಎರಡು ದಿನ ಮೀಸಲಿಡಬಹುದು. ಪ್ರತಿ ತಾಲ್ಲೂಕಿನಿಂದ ಒಬ್ಬೊಬ್ಬ ಅಧ್ಯಾಪಕರು ಕಲಿತು ಬಂದು ತಮ್ಮ ಕಾಲೇಜಿನಲ್ಲಿ ತಿಂಗಳಿಗೊಂದು ಶನಿವಾರ ಇದನ್ನು ಮಾಡಿಸಬಹುದು. ವಿಜ್ಞಾನ ಸಂಸ್ಥೆಗಳಿಗಾಗಿ ಅಮೃತಮಹಲ್ ಕಾವಲಿನ ಹುಲ್ಲುಗಾವಲನ್ನೇ ಬಿಟ್ಟುಕೊಟ್ಟ ಜಿಲ್ಲೆಗೆ ಇಷ್ಟನ್ನು ಕೇಳುವ ಹಕ್ಕಿದೆ.

ವಿಜ್ಞಾನ ನಮ್ಮ ಭಾಷೆಯಲ್ಲಿ ಮನೆ ಬಾಗಿಲಿಗೆ ಬಾರದಿದ್ದರೆ ವದಂತಿ ಬರುತ್ತದೆ. 2008 ನಮಗೆ ಕಲಿಸಿದ ಪಾಠ ಇದೇ.